ತೆಪ್ಪದ ಮೇಲೆ ಫಿಶ್ ಫೈಂಡರ್: ಎರಡು ವರ್ಷ ಬಳಸಿದ ಮೇಲೆ, ಮುಖ್ಯವಾಗಿ ಬ್ಯಾಟರಿ ಬಗ್ಗೆ

ಮೊದಲೇ ಹೇಳಿಬಿಡುತ್ತೇನೆ. ಕೆಆರ್‌ಎಸ್ ಹಿನ್ನೀರಿನಲ್ಲಿ ತೆಪ್ಪದಲ್ಲಿ ಕೂತು ಗಾಳ ಹಾಕುವವರಿಗೆ ನಾಲ್ಕು ಇಂಚಿನ ಸ್ಕ್ರೀನಿನ ಫಿಶ್ ಫೈಂಡರ್ (ನೀರಿನ ಆಳ, ತಳ, ಮೀನು ತೋರಿಸುವ ಮಷೀನು) ಸಾಕು. ದೊಡ್ಡ ಸ್ಕ್ರೀನಿಗೆ ಕೊಡುವ ದುಡ್ಡಿನಲ್ಲಿ ಒಳ್ಳೆ ಬ್ಯಾಟರಿ ತಗೊಳ್ಳಿ. ನಾನು ಇದನ್ನು ಬಳಸಲು ಶುರು ಮಾಡಿ ಎರಡು ವರ್ಷದ ಮೇಲಾಯಿತು. ಮಷೀನು ಕೈಕೊಟ್ಟಿಲ್ಲ. ಕೈಕೊಟ್ಟಿದ್ದೆಲ್ಲ ಕರೆಂಟು, ವೈರು, ಕನೆಕ್ಟರು. ಆದರೆ ಯಾರ ರಿವ್ಯೂ ನೋಡಿದರೂ ಸ್ಕ್ರೀನಿನದ್ದೇ ಪುರಾಣ, ಬ್ಯಾಟರಿಗೆ ಕೊನೆಯಲ್ಲಿ ಒಂದು ಸಾಲು.

ನನ್ನದು ಯಾವ ಕಂಪನಿದು ಅಂತ ಬರೆಯುತ್ತಿಲ್ಲ. ಬರೆದರೆ ಗಾರ್ಮಿನ್ ಮೇಲಾ, ಲೊರೆನ್ಸ್ ಮೇಲಾ, ಹಮ್ಮಿನ್‌ಬರ್ಡ್ ಮೇಲಾ ಅನ್ನುವ ಜಗಳವೇ ಶುರುವಾಗುತ್ತದೆ. ಈ ಸೈಜಿನಲ್ಲಿ ಮೂರೂ ಹೆಚ್ಚುಕಮ್ಮಿ ಒಂದೇ ಕೆಲಸ ಮಾಡುತ್ತವೆ. ಚಿರ್ಪ್ ಸೋನಾರ್ (ಒಂದೇ ಫ್ರೀಕ್ವೆನ್ಸಿ ಬದಲು ಹಲವು ಫ್ರೀಕ್ವೆನ್ಸಿಯಲ್ಲಿ ಶಬ್ದ ಕಳಿಸಿ ನೋಡುವುದು) ಇರಲಿ, ಜಿಪಿಎಸ್ ಇರಲಿ, ಬಿಸಿಲಲ್ಲಿ ಓದಲು ಆಗಲಿ. ಅಷ್ಟು ನೋಡಿ ಸಾಕು.

ಇದು ಕೆಲಸ ಮಾಡುವ ರೀತಿ ಗೊತ್ತಿದ್ದರೆ ಅರ್ಧ ನಿರಾಸೆ ತಪ್ಪುತ್ತದೆ. ನೀರೊಳಗಿನ ಟ್ರಾನ್ಸ್‌ಡ್ಯೂಸರ್ ಕೆಳಮುಖವಾಗಿ ಶಬ್ದ ಕಳಿಸುತ್ತದೆ. ನೀರಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1,500 ಮೀಟರ್. ತಳಕ್ಕೆ ಬಡಿದು ವಾಪಸ್ ಬರಲು ಎಷ್ಟು ಹೊತ್ತಾಯಿತು ಅಂತ ಲೆಕ್ಕ ಹಾಕಿ ಆಳ ತೋರಿಸುತ್ತದೆ. ಮೀನಿನ ಹೊಟ್ಟೆಯೊಳಗಿನ ಗಾಳಿ ಚೀಲಕ್ಕೆ ಬಡಿದರೆ ಅದೂ ವಾಪಸ್ ಬರುತ್ತದೆ, ಅದೇ ಸ್ಕ್ರೀನ್ ಮೇಲೆ ಕಾಣುವ ಕಮಾನು. ಈ ಶಬ್ದ ಟಾರ್ಚ್ ಬೆಳಕಿನ ಹಾಗೆ ಹೋಗ್ತಾ ಹೋಗ್ತಾ ಅಗಲವಾಗುತ್ತದೆ. 200 ಕಿಲೋಹರ್ಟ್ಜ್‌ನಲ್ಲಿ ಕಿರಿದು, ಸುಮಾರು 15 ಡಿಗ್ರಿ ಅಂತಿಟ್ಟುಕೊಳ್ಳಿ. 77ರಲ್ಲಿ ಅಗಲ, ಸುಮಾರು 45 ಡಿಗ್ರಿ. ಮೂವತ್ತು ಅಡಿ ನೀರಿನಲ್ಲಿ ಮೊದಲನೆಯದು ತಳದಲ್ಲಿ ಎಂಟು ಅಡಿ ಅಗಲದ ಜಾಗ ನೋಡಿದರೆ, ಎರಡನೆಯದು ಇಪ್ಪತ್ತೈದು ಅಡಿ ನೋಡುತ್ತದೆ. ಹತ್ತು ಅಡಿ ನೀರಿನಲ್ಲಿ ಕಿರಿದಾದ ಬೀಮ್ ನೋಡುವುದು ಎರಡೂವರೆ ಅಡಿ ಚಿಲ್ಲರೆ. ಅಂದರೆ ತೆಪ್ಪದ ಅಗಲಕ್ಕಿಂತಲೂ ಕಡಿಮೆ! ದಡದ ಹತ್ತಿರ ಕೂತು ಏನೂ ಕಾಣ್ತಿಲ್ಲ ಅಂತ ಬೈದರೆ ಮಷೀನ್ ಏನು ಮಾಡಬೇಕು ಹೇಳಿ.

ಎಲ್ಲ ಮೀನೂ ಒಂದೇ ಥರ ಕಾಣುವುದಿಲ್ಲ, ಇದನ್ನು ಯಾರೂ ಹೇಳುವುದಿಲ್ಲ. ಕಾಟ್ಲಾ ಮೇಲ್ನೀರಿನಲ್ಲಿ ಮೇಯುವ ಮೀನು. ಮೇಲಿನ ಎರಡು ಮೂರು ಅಡಿ ಸ್ಕ್ರೀನಿನಲ್ಲಿ ಬರೀ ಗೊಜಲು, ಅದರ ಮೇಲೆ ತೆಪ್ಪದ ಸದ್ದಿಗೆ ಮೀನೂ ಪಕ್ಕಕ್ಕೆ ಸರಿಯುತ್ತದೆ. ಮೃಗಾಲ್ ತಳದಲ್ಲಿ ಮೇಯುತ್ತದೆ, ತಳಕ್ಕೆ ಅಂಟಿಕೊಂಡಿದ್ದರೆ ತಳದ ಗೆರೆಯಲ್ಲೇ ಸೇರಿ ಹೋಗುತ್ತದೆ. ನಡುನೀರಿನ ರೋಹು ಚೆನ್ನಾಗಿ ಕಾಣುತ್ತದೆ. ಜಿಲೇಬಿ (ತಿಲಾಪಿಯಾ) ಗುಂಪು ಮೋಡದ ಥರ ಬರುತ್ತದೆ, ಒಂದೊಂದಾಗಿ ಎಣಿಸಲು ಆಗಲ್ಲ. ಫಿಶ್ ಐಡಿ ಅಂತ ಒಂದು ಸೆಟ್ಟಿಂಗ್ ಇದೆ, ಮುದ್ದಾದ ಮೀನಿನ ಚಿತ್ರ ತೋರಿಸುತ್ತದೆ. ಅದನ್ನು ಆಫ್ ಮಾಡಿ. ತೇಲುವ ಕಡ್ಡಿಗೂ ಗಾಳಿ ಗುಳ್ಳೆಗೂ ಅದೇ ಮೀನಿನ ಚಿತ್ರ ಬರುತ್ತದೆ.

ಬೋಟಿನವರ ವಿಡಿಯೋ ನೋಡಿಕೊಂಡು ಬಂದವರಿಗೆ ತೆಪ್ಪದಲ್ಲಿ ಇನ್ನೊಂದು ಗಲಿಬಿಲಿ ಇದೆ. ಕಮಾನು ಬರಬೇಕಾದರೆ ಮೀನು ಬೀಮಿನ ಒಳಗೆ ಬಂದು ಆಚೆ ಹೋಗಬೇಕು. ನೀವು ಸುಮ್ನೆ ಒಂದೇ ಕಡೆ ನಿಂತಿದ್ದರೂ ಸ್ಕ್ರೀನ್ ಮಾತ್ರ ಓಡುತ್ತಲೇ ಇರುತ್ತದೆ. ಕೆಳಗೆ ಒಂದೇ ಮೀನು ಅಲ್ಲಾಡದೆ ನಿಂತಿದ್ದರೆ ಉದ್ದಕ್ಕೆ ಗೆರೆ ಎಳೆದ ಹಾಗೆ ಬರುತ್ತದೆ, ಅದು ಹತ್ತು ಮೀನಲ್ಲ. ಇನ್ನು ಸೈಡ್ ಇಮೇಜಿಂಗ್, ಅಂದರೆ ಎರಡೂ ಪಕ್ಕದ ಚಿತ್ರ ತೋರಿಸುವ ಸೋನಾರ್. ತೆಪ್ಪಕ್ಕೆ ಅದನ್ನು ಕೊಳ್ಳಲೇಬೇಡಿ. ಅದಕ್ಕೆ ಬೋಟು ನೇರವಾಗಿ, ಒಂದೇ ವೇಗದಲ್ಲಿ ಹೋಗಬೇಕು. ತೆಪ್ಪ ಸುತ್ತುತ್ತಲೇ ಹೋಗುವುದು, ಚಿತ್ರ ಪೂರ್ತಿ ಕಲಸಿಹೋಗುತ್ತದೆ. ನೇರ ಕೆಳಗೆ ನೋಡುವ ಸೋನಾರಿಗೆ ತೆಪ್ಪ ತಿರುಗಿದರೂ ತೊಂದರೆ ಇಲ್ಲ.

ಟ್ರಾನ್ಸ್‌ಡ್ಯೂಸರ್ ಕಟ್ಟುವುದು ಹೇಗೆ? ಬೋಟಿಗೆ ಹಿಂಭಾಗದ ಹಲಗೆ ಇರುತ್ತದೆ, ಅಲ್ಲಿ ಸ್ಕ್ರೂ ಹಾಕುತ್ತಾರೆ. ತೆಪ್ಪಕ್ಕೆ ಹಿಂದೆ ಮುಂದೆ ಅಂತಲೇ ಇಲ್ಲ. ನಾನು ಮುಕ್ಕಾಲು ಇಂಚಿನ ಅಲ್ಯೂಮಿನಿಯಂ ಪೈಪಿನ ತುದಿಗೆ ಕಟ್ಟಿ, ಪೈಪನ್ನು ಜಿ-ಕ್ಲಾಂಪ್‌ನಿಂದ ಅಂಚಿಗೆ ಬಿಗಿದಿದ್ದೇನೆ. ತಳಕ್ಕಿಂತ ಒಂದು ಗೇಣು ಕೆಳಗಿರಲಿ, ನೇರ ಇರಲಿ. ದಡಕ್ಕೆ ಬರುವ ಮೊದಲು ಮರೆಯದೆ ಎತ್ತಿಕೊಳ್ಳಿ. ಗಟ್ಟಿ ಫೈಬರ್ ಆದರೆ ಒಳಗಿನಿಂದಲೇ ಅಂಟಿಸಬಹುದು, ಸ್ವಲ್ಪ ಶಕ್ತಿ ಕಳೆದುಕೊಂಡರೂ ಕೆಲಸ ಮಾಡುತ್ತದೆ. ಬಿದಿರಿನ ತೆಪ್ಪದಲ್ಲಿ ಆಗುವುದಿಲ್ಲ, ಮಧ್ಯೆ ಗಾಳಿ ಇದ್ದರೆ ಶಬ್ದ ದಾಟುವುದಿಲ್ಲ. ನೀರಿಗೆ ಬಿಟ್ಟ ತಕ್ಷಣ ಏನೂ ಕಾಣದಿದ್ದರೆ ಟ್ರಾನ್ಸ್‌ಡ್ಯೂಸರ್ ಮುಖಕ್ಕೆ ಗಾಳಿ ಪೊರೆ ಹಿಡಿದಿರುತ್ತದೆ. ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ತೊಟ್ಟು ಹಚ್ಚಿ ಉಜ್ಜಿ, ಸರಿ ಹೋಗುತ್ತದೆ. ಅಂತರಗಂಗೆ ಬೇರು ಸುತ್ತಿಕೊಂಡರೂ ಇದೇ ಕಥೆ, ಆಗಾಗ ಎತ್ತಿ ನೋಡಿ.

ಈಗ ಬ್ಯಾಟರಿ.

ನಾಲ್ಕು ಇಂಚಿನ ಮಷೀನು 12 ವೋಲ್ಟ್‌ನಲ್ಲಿ ಎಳೆಯುವುದು ಹೆಚ್ಚೆಂದರೆ ಕಾಲು ಆಂಪಿಯರ್ ಆಸುಪಾಸು. ಏಳು ಇಂಚಿಗೆ ಹೋದರೆ ಒಂದು ಆಂಪಿಯರ್ ಹತ್ತಿರ ಬರುತ್ತದೆ, ಬ್ರೈಟ್‌ನೆಸ್ ಪೂರ್ತಿ ಇಟ್ಟರೆ ಇನ್ನೂ ಜಾಸ್ತಿ. ಯುಪಿಎಸ್‌ಗೆ ಹಾಕುವ 12 ವೋಲ್ಟ್ 7 ಆಂಪಿಯರ್-ಅವರ್ (ಆಂಪಿಯರ್ ಗುಣಿಸು ಗಂಟೆ) ಲೆಡ್ ಆಸಿಡ್ ಬ್ಯಾಟರಿ ಮೈಸೂರಿನ ಯಾವ ಬ್ಯಾಟರಿ ಅಂಗಡಿಯಲ್ಲೂ ಸಿಗುತ್ತದೆ. ಬಾಳಿಕೆ ಬೇಕು ಅಂದರೆ ಅದರಲ್ಲಿ ಅರ್ಧ ಮಾತ್ರ ಖರ್ಚು ಮಾಡಬೇಕು, ಅಂದರೆ ಮೂರೂವರೆ. ಚಿಕ್ಕ ಮಷೀನಿಗೆ ಅಷ್ಟರಲ್ಲಿ ಬೆಳಗ್ಗೆಯಿಂದ ಸಂಜೆವರೆಗೆ ಆರಾಮಾಗಿ ನಡೆಯುತ್ತದೆ. ಏಳು ಇಂಚಿನದಕ್ಕೆ ಅದೇ ಬ್ಯಾಟರಿ ಮೂರೂವರೆ ಗಂಟೆಗೆ ಸುಸ್ತು. ಹಾಗಾಗಿ ಸ್ಕ್ರೀನ್ ಸೈಜ್ ಆರಿಸುವಾಗಲೇ ನೀವು ಹೊರುವ ಭಾರವನ್ನೂ ಆರಿಸುತ್ತಿದ್ದೀರಿ. ರಸ್ತೆಯಿಂದ ನೀರಿನವರೆಗೆ ಬೇಸಿಗೆಯಲ್ಲಿ ಎಷ್ಟು ದೂರ ನಡೆಯಬೇಕು ಅಂತ ಹಿನ್ನೀರಿಗೆ ಹೋದವರಿಗೆ ಗೊತ್ತು, ಅಲ್ವಾ?

ನಾನು ಲೆಡ್ ಆಸಿಡ್‌ನಲ್ಲಿ ಶುರು ಮಾಡಿ ಈಗ ಲಿಥಿಯಂ ಐರನ್ ಫಾಸ್ಫೇಟ್‌ಗೆ ಬಂದಿದ್ದೇನೆ. ಲೆಡ್ ಆಸಿಡ್ ಖಾಲಿ ಮಾಡಿ ಹಾಗೇ ಬಿಟ್ಟರೆ ಪ್ಲೇಟಿಗೆ ಸಲ್ಫೇಟ್ ಕಟ್ಟಿ ಸತ್ತೇ ಹೋಗುತ್ತದೆ. ವಾರಕ್ಕೊಮ್ಮೆ ಹೋಗುವವರು ಪರವಾಗಿಲ್ಲ, ನನ್ನ ಹಾಗೆ ಗದ್ದೆ ಕೆಲಸ ಬಂದರೆ ತಿಂಗಳುಗಟ್ಟಲೆ ನೀರಿನ ಕಡೆ ತಲೆ ಹಾಕದವರಿಗೆ ಅದು ಆಗಿಬರುವುದಿಲ್ಲ. ಲಿಥಿಯಂ ಅಷ್ಟೇ ಆಂಪಿಯರ್-ಅವರಿಗೆ ಅರ್ಧಕ್ಕಿಂತ ಕಡಿಮೆ ತೂಗುತ್ತದೆ, ಮುಕ್ಕಾಲು ಭಾಗಕ್ಕಿಂತ ಜಾಸ್ತಿ ಖರ್ಚು ಮಾಡಬಹುದು. ನಾಲ್ಕು ಸೆಲ್ ಸೇರಿ 12.8 ವೋಲ್ಟ್, ಪೂರ್ತಿ ಚಾರ್ಜಿಗೆ 14.6. ಇಂಥ ಮಷೀನುಗಳು ಸಾಮಾನ್ಯವಾಗಿ 10ರಿಂದ 20 ವೋಲ್ಟ್ ತಡೆಯುತ್ತವೆ, ಆದರೂ ನಿಮ್ಮ ಮ್ಯಾನ್ಯುಯಲ್ ನೋಡಿಕೊಳ್ಳಿ. ಚಾರ್ಜರ್ ಮಾತ್ರ ಅದಕ್ಕೇ ಅಂತ ಇರುವುದನ್ನೇ ತಗೊಳ್ಳಿ. ಕಾರಿನ ಬ್ಯಾಟರಿ ಚಾರ್ಜರ್ ಹಾಕಬೇಡಿ.

ಒಂದು ವ್ಯತ್ಯಾಸ ಅಭ್ಯಾಸ ಆಗಲು ಸ್ವಲ್ಪ ಕಾಲ ಬೇಕು. ಲೆಡ್ ಆಸಿಡ್‌ನಲ್ಲಿ ಸ್ಕ್ರೀನಿನ ಮೂಲೆಯ ವೋಲ್ಟ್ ನೋಡಿದರೆ ಎಷ್ಟು ಉಳಿದಿದೆ ಅಂತ ಗೊತ್ತಾಗುತ್ತದೆ. 12.7 ಇದ್ದರೆ ತುಂಬಿದೆ, 12.2 ಅಂದರೆ ಅರ್ಧ. ಲಿಥಿಯಂ ಬಹಳ ಹೊತ್ತು 13ರ ಹತ್ತಿರವೇ ನಿಂತಿದ್ದು ಕೊನೆಯಲ್ಲಿ ದಬಕ್ಕನೆ ಬೀಳುತ್ತದೆ, ಆಮೇಲೆ ಒಳಗಿನ ಬಿಎಂಎಸ್ (ಬ್ಯಾಟರಿ ಕಾಯುವ ಸರ್ಕ್ಯೂಟ್) ಕರೆಂಟ್ ಕಟ್ ಮಾಡುತ್ತದೆ. ಗಡಿಯಾರ ನೋಡಿ ಲೆಕ್ಕ ಇಡಬೇಕು.

ಆನ್‌ಲೈನಿನಲ್ಲಿ ಕೊಳ್ಳುವಾಗ ಒಂದು ಉಪಾಯ. ನನ್ನ ಜೊತೆ ಬರುವ ಸ್ನೇಹಿತರಿಗೆ ಒಬ್ಬ ಮಾರಾಟಗಾರ 20 ಆಂಪಿಯರ್-ಅವರ್ ಅಂತ ಸ್ಟಿಕರ್ ಅಂಟಿಸಿದ ಪ್ಯಾಕ್ ಕಳಿಸಿದ್ದ. ಕೈಯಲ್ಲಿ ಹಿಡಿದರೆ ಹೂವಿನ ಪೊಟ್ಟಣ. ಬೀದಿ ಕೊನೆಯ ಕಿರಾಣಿ ಅಂಗಡಿ ತಕ್ಕಡಿಯಲ್ಲಿ ಇಟ್ಟೆವು, 600 ಗ್ರಾಂ ಚಿಲ್ಲರೆ. ನಿಜವಾದ 20 ಆಂಪಿಯರ್-ಅವರ್ ಪ್ಯಾಕ್ ಎರಡು ಕೆಜಿಗಿಂತ ಮೇಲೇ ತೂಗಬೇಕು. ಅಂಗಡಿಯವರು "ಏನ್ ಸಾರ್, ಬ್ಯಾಟ್ರಿನೂ ಈಗ ಕೆಜಿ ಲೆಕ್ಕದಲ್ಲಿ ಮಾರ್ತಾರಾ" ಅಂತ ನಕ್ಕರು. ಹೌದು, ಸ್ಟಿಕರ್ ಬೇಕಾದ್ದು ಬರೆಯಬಹುದು, ತೂಕ ಸುಳ್ಳು ಹೇಳಲ್ಲ.

ಆ ಸ್ನೇಹಿತರದು ಚಿಕ್ಕ ಫೈಬರ್ ಬೋಟು, ಎಲೆಕ್ಟ್ರಿಕ್ ಟ್ರೋಲಿಂಗ್ ಮೋಟಾರ್ ಇದೆ. ಫಿಶ್ ಫೈಂಡರನ್ನೂ ಅದೇ ಬ್ಯಾಟರಿಗೆ ಕೊಟ್ಟಿದ್ದರು. ಮೋಟಾರ್ ತಿರುಗಿಸಿದಾಗಲೆಲ್ಲ ಸ್ಕ್ರೀನ್ ಆಫ್ ಆಗಿ ಮತ್ತೆ ಆನ್ ಆಗುತ್ತಿತ್ತು, ಇಲ್ಲದಿದ್ದರೆ ಮೇಲಿಂದ ಕೆಳಗಿನವರೆಗೆ ಚುಕ್ಕಿ ಮಳೆ. ಇಂಥ ಮೋಟಾರು ಫುಲ್ ಸ್ಪೀಡಿನಲ್ಲಿ 30 ಆಂಪಿಯರ್, ದೊಡ್ಡದಾದರೆ 50ರವರೆಗೂ ಎಳೆಯುತ್ತದೆ. ಆ ಕ್ಷಣ ವೋಲ್ಟ್ ಕುಸಿದು ಪಾಪದ ಫಿಶ್ ಫೈಂಡರ್ ಮಲಗುತ್ತದೆ, ಜೊತೆಗೆ ಮೋಟಾರಿನ ಗದ್ದಲವೂ ವೈರಿನಲ್ಲಿ ಬಂದು ಸೇರುತ್ತದೆ. ಬೇರೆ ಬ್ಯಾಟರಿ, ಬೇರೆ ವೈರು, ಎರಡರ ಕೇಬಲ್ ದೂರ ದೂರ. ಆಮೇಲೆ ಸ್ಕ್ರೀನ್ ಶುದ್ಧ. ಪವರ್ ಬ್ಯಾಂಕಿಗೆ 12 ವೋಲ್ಟ್ ಬೂಸ್ಟ್ ಕೇಬಲ್ ಹಾಕಿಯೂ ಚಿಕ್ಕ ಮಷೀನ್ ನಡೆಸಬಹುದು, ಅಗ್ಗದ ಕೇಬಲ್ ಆದರೆ ಇದೇ ಚುಕ್ಕಿ ಕಾಟ.

ಫ್ಯೂಸ್ ಬಿಡಬೇಡಿ. ಬ್ಯಾಟರಿಯ ಪ್ಲಸ್ ತುದಿಗೆ ಹತ್ತಿರದಲ್ಲೇ, ಮ್ಯಾನ್ಯುಯಲ್ ಹೇಳಿದ ಆಂಪಿಯರಿನದ್ದೇ ಹಾಕಿ. ಲಿಥಿಯಂ ಶಾರ್ಟ್ ಆದರೆ ಬೆಂಕಿಯ ಆಟ, ಅದೂ ನೀರಿನ ಮಧ್ಯೆ. ವೈರನ್ನು ಸುತ್ತಿ ಟೇಪ್ ಹಾಕುವ ನಮ್ಮ ಕ್ರಮ ಇಲ್ಲಿ ನಡೆಯಲ್ಲ, ಒಂದು ಮಳೆಗಾಲಕ್ಕೆ ಹಸಿರು ಹಿಡಿದು ಕಾಂಟ್ಯಾಕ್ಟ್ ಹೋಗುತ್ತದೆ. ಬೆಸುಗೆ ಹಾಕಿಸಿ, ಮೇಲೆ ಹೀಟ್ ಶ್ರಿಂಕ್ (ಬಿಸಿಗೆ ಕುಗ್ಗಿ ಬಿಗಿಯುವ ಕೊಳವೆ). ಬ್ಯಾಟರಿಗೆ ನಾನು ರಬ್ಬರ್ ಅಂಚಿನ ಪ್ಲಾಸ್ಟಿಕ್ ಡಬ್ಬ ಇಟ್ಟಿದ್ದೇನೆ. ಲೆಡ್ ಆಸಿಡ್ ಆದರೆ ಚಾರ್ಜ್ ಮಾಡುವಾಗ ಮುಚ್ಚಳ ತೆಗೆಯಿರಿ, ಅನಿಲ ಬರುತ್ತದೆ.

ಇಷ್ಟೆಲ್ಲ ಮಾಡಿದ ಮೇಲೆ ಮೀನು ಜಾಸ್ತಿ ಸಿಕ್ಕಿತಾ? ಬಲೆ ಬಿಡುವ ಒಬ್ಬ ಹಿರಿಯರು ಸ್ಕ್ರೀನ್ ಇಣುಕಿ ನೋಡಿ, "ತೋರ್ಸ್ತದೆ ಸರಿ, ಹಿಡ್ದು ಕೊಡಕಿಲ್ವಾ ಸಾಮಿ?" ಅಂದಿದ್ದರು. ಹಿಡಿದು ಕೊಡಲ್ಲ. ಆದರೆ ತಳ ತೋರಿಸುತ್ತದೆ, ನನಗೆ ಅದೇ ದೊಡ್ಡದು. ಹೇಮಾವತಿ, ಲಕ್ಷ್ಮಣತೀರ್ಥ ಬಂದು ಕಾವೇರಿಗೆ ಸೇರುವ ಜಾಗ ಇದು, ಹಳೇ ಕನ್ನಂಬಾಡಿ ಮುಳುಗಿದ ಜಾಗ. ಹಳೆ ಹೊಳೆಯ ದಂಡೆ ಎಲ್ಲಿ ದಡಕ್ಕನೆ ಇಳಿಯುತ್ತದೆ ಅನ್ನುವುದು ಮೇಲಿಂದ ಗೊತ್ತಾಗುವುದಿಲ್ಲ, ಸ್ಕ್ರೀನಿನಲ್ಲಿ ಮೆಟ್ಟಿಲ ಹಾಗೆ ಕಾಣುತ್ತದೆ. ಆ ಅಂಚನ್ನು ಜಿಪಿಎಸ್‌ನಲ್ಲಿ ಗುರುತು ಮಾಡಿಕೊಳ್ಳಿ, ಜೊತೆಗೆ ಆ ದಿನ ಡ್ಯಾಂ ಎಷ್ಟು ಅಡಿ ಇತ್ತು ಅಂತಲೂ ಬರೆದಿಡಿ. ಮಂಡ್ಯದವರಿಗೆ ಡ್ಯಾಂ ತುಂಬಿದ ಮಟ್ಟ 124.80 ಅಡಿ ಬಾಯಿಪಾಠ, ದಿನಾ ಪೇಪರಿನಲ್ಲಿ ಮಟ್ಟ ಬರುತ್ತದೆ. ಮಟ್ಟ 120 ಇದ್ದಾಗ ಮೂವತ್ತು ಅಡಿ ಆಳ ತೋರಿಸಿದ ಜಾಗ 110ಕ್ಕೆ ಇಳಿದಾಗ ಇಪ್ಪತ್ತು ಅಡಿ. ಈ ಕೂಡುವ ಕಳೆಯುವ ಲೆಕ್ಕ ನನಗೆ ಯಾವ ಫೀಚರಿಗಿಂತ ಜಾಸ್ತಿ ಉಪಯೋಗಕ್ಕೆ ಬಂದಿದೆ. ಕೊಡಗಿನಲ್ಲಿ ಮಳೆ ಹೊಡೆದು ಕೆಂಪು ನೀರು ಬಂದಾಗ ಮಾತ್ರ ಸ್ಕ್ರೀನ್ ತುಂಬ ಕಸ, ಸೆನ್ಸಿಟಿವಿಟಿ ಇಳಿಸಬೇಕಾಗುತ್ತದೆ. ಅಂಥ ದಿನ ನೀರಿಗೆ ಇಳಿಯದಿರುವುದೇ ವಾಸಿ. ಲೈಫ್ ಜಾಕೆಟ್, ಮೀನುಗಾರಿಕೆ ಇಲಾಖೆ ಪರವಾನಗಿ ಎರಡೂ ಇರಲಿ, ಅಣೆಕಟ್ಟೆ ಕಡೆ ಹೋಗಬೇಡಿ.

ದಡದಿಂದಲೇ ಗಾಳ ಹಾಕುವವರು ಇದ್ಯಾವುದೂ ಬೇಡ, ಡೀಪರ್ ಥರದ ಎಸೆಯುವ ಸೋನಾರ್ ನೋಡಿ. ಬ್ಯಾಟರಿ ಒಳಗೇ ಇದೆ, ಚಿತ್ರ ಫೋನಿಗೆ ಬರುತ್ತದೆ. ಬಿಸಿಲಲ್ಲಿ ಫೋನ್ ಕಾಣಲ್ಲ, ಚಾರ್ಜೂ ಬೇಗ ಇಳಿಯುತ್ತದೆ, ಅಷ್ಟಕ್ಕೆ ತಯಾರಿದ್ದರೆ ಸರಿ.

ಮತ್ತೆ ಇದನ್ನೇ ಕೊಳ್ಳುತ್ತೇನಾ? ಹೌದು, ಇದೇ ಸೈಜು. ಟ್ರಾನ್ಸ್‌ಡ್ಯೂಸರ್ ಮಾತ್ರ ಎರಡು ತಗೊಳ್ಳುತ್ತೇನೆ. ಪಂಪ್‌ಸೆಟ್ ಮನೆಯಲ್ಲಿ ಇಟ್ಟಿದ್ದಾಗ ಇಲಿ ಕೇಬಲ್ ಕಡಿದಿತ್ತು. ಒಳಗೆ ಸಣ್ಣ ಸಣ್ಣ ಎಳೆ, ಸುತ್ತಲೂ ಜಾಲರಿ, ಜೋಡಿಸಿದರೂ ಸಿಗ್ನಲ್ ಸರಿಯಾಗಿ ಬರಲಿಲ್ಲ. ಹೊಸದು ಬರುವವರೆಗೆ ನನ್ನ ಬಳಿ ಇದ್ದದ್ದು ಒಳ್ಳೆ ಬ್ಯಾಟರಿ ಮತ್ತು ಬರೀ ವೋಲ್ಟ್ ತೋರಿಸುವ ಒಂದು ಸ್ಕ್ರೀನು.