ಹಾರ್ಡಾ ಸಾಫ್ಟಾ, ಡಿಕೋಡರ್‌ಗೆ ಯಾವ್ದು ಹಾಕೋದು?

ವಿಟರ್ಬಿ ಡಿಕೋಡರ್ (ಸಿಗ್ನಲ್‌ನಲ್ಲಿ ಕೆಟ್ಟುಹೋದ ಬಿಟ್‌ಗಳನ್ನ ಸರಿಮಾಡಿ ಅಸಲಿ ಸಂದೇಶ ತೆಗೆಯೋ ಪ್ರೋಗ್ರಾಮು) ಬರೀತಿದೀರ ಅಂದ್ರೆ ಮೊದ್ಲು ಬರೋ ತಲೆನೋವೇ ಇದು. ಹಾರ್ಡ್ ಅಂದ್ರೆ ಡಿಮಾಡ್ಯುಲೇಟರ್ (ಬಂದ ಸಿಗ್ನಲ್‌ನಿಂದ ಬಿಟ್ ತೆಗೆಯೋ ಭಾಗ) ವೋಲ್ಟೇಜ್ ನೋಡಿ 0 ಇಲ್ಲಾ 1 ಅಂತ ಅಲ್ಲೇ ತೀರ್ಪು ಕೊಟ್ಟು ಕೈ ತೊಳ್ಕೊಳ್ಳುತ್ತೆ, +0.05 ಬಂದ್ರೂ +0.95 ಬಂದ್ರೂ ಎರಡೂ ಒಂದೇ ಬಿಟ್ಟು. ಸಾಫ್ಟ್‌ನಲ್ಲಿ ಇದು ಪಕ್ಕಾ, ಇದು ಡೌಟು ಅನ್ನೋ ಮಾಹಿತಿನೂ ಜೊತೆಗೆ ಹೋಗುತ್ತೆ, ಹಂಗಾಗಿ ಡೌಟಿರೋ ಬಿಟ್ಟನ್ನ ತಿರುಗಿಸೋಕೆ ಡಿಕೋಡರ್ ಹಿಂದೆಮುಂದೆ ನೋಡಲ್ಲ.

ಬರೀ ಗಾಸಿಯನ್ ನಾಯ್ಸ್ (ಲೆಕ್ಕವಿಲ್ಲದೆ ಏರಿಳಿಯೋ ಗದ್ದಲ) ಇರೋ ಚಾನಲ್‌ನಲ್ಲಿ ಸಾಫ್ಟ್‌ಗೆ ಸುಮಾರು 2 ಡಿಬಿ ಲಾಭ, ಅಂದ್ರೆ ಅದೇ ಎರರ್ ರೇಟ್‌ಗೆ ಹೆಚ್ಚುಕಮ್ಮಿ 63% ಪವರ್ ಸಾಕು. 1977ರಲ್ಲಿ ಹಾರಿದ ವಾಯೇಜರ್‌ನಂಥ ಬಾಹ್ಯಾಕಾಶ ನೌಕೆಗೆ ಇದು ಬಂಗಾರ ಕಣ್ರೀ. ಖರ್ಚು ಜಾಸ್ತಿ ಅಂತ ಹೆದರೋರು ಕೇಳಿ, ಒಂದು ಸ್ಯಾಂಪಲ್‌ಗೆ 3 ಬಿಟ್ ಇಟ್ರೆ ಸಾಕು, ಪೂರ್ತಿ ಫ್ಲೋಟಿಂಗ್ ಪಾಯಿಂಟ್‌ಗಿಂತ ಕಳ್ಕೊಳ್ಳೋದು ಕಾಲು ಡಿಬಿಯಷ್ಟೇ, 64 ಸ್ಟೇಟ್‌ನ ಟ್ರೆಲಿಸ್ (ಡಿಕೋಡರ್ ಹುಡುಕೋ ದಾರಿಗಳ ನಕ್ಷೆ) ಹಂಗೇ ಇರುತ್ತೆ, ಬದಲಾಗೋದು ಮೆಟ್ರಿಕ್, ಅಂದ್ರೆ ಪ್ರತಿ ದಾರಿ ಎಷ್ಟು ಹೊಂದುತ್ತೆ ಅನ್ನೋ ಅಂಕದ ಲೆಕ್ಕ ಮಾತ್ರ (ಬಿಟ್ ಹೋಲಿಸೋ ಎಕ್ಸಾರ್ ಬದ್ಲು ಕೂಡೋದು ಕಳೆಯೋದು).

ಹಾರ್ಡ್ ಯಾವಾಗ? ನಿಮ್ ರೇಡಿಯೋ ಚಿಪ್ಪು ಬರೀ ಬಿಟ್ ಕೊಡುತ್ತೆ ಅಂದ್ರೆ ಬೇರೆ ದಾರಿನೇ ಇಲ್ಲ. ರೀಡ್ ಸಾಲೊಮನ್ ಅನ್ನೋ ಇನ್ನೊಂದು ತಪ್ಪು ತಿದ್ದೋ ಕೋಡ್ ಆದ್ರೂ ಸಾಮಾನ್ಯವಾಗಿ ಹಾರ್ಡೇ. 5ಜಿಯ ಎಲ್‌ಡಿಪಿಸಿ ಕೋಡ್ ಮುಟ್ತೀರಾ ಅಂದ್ರೆ ಯೋಚ್ನೆನೇ ಬೇಡ, ಸಾಫ್ಟೇ.

ಒಂದೇ ಎಚ್ಚರಿಕೆ, ಫೇಡಿಂಗ್ (ಸಿಗ್ನಲ್ ಬಲ ಏರಿಳಿಯೋದು) ಇದ್ದಾಗ ಸಾಫ್ಟ್ ಮೌಲ್ಯಕ್ಕೆ ಚಾನಲ್ ಗೇನ್ (ಆ ಹೊತ್ತಿಗೆ ಸಿಗ್ನಲ್ ಎಷ್ಟು ಬಲವಾಗಿ ಬಂತು ಅನ್ನೋದು) ತೂಕ ಹಾಕದೆ ಬಿಟ್ರೆ ಸುಳ್ಳು ಕಾನ್ಫಿಡೆನ್ಸ್ ಒಳಗೆ ಹೋಗುತ್ತೆ, ಆಮೇಲೆ ಡಿಕೋಡರ್ ಬೈಬೇಡಿ.