ಪರವಾನಗಿ ನಕ್ಷೆಗೆ 2ಡಿ ಸಾಕು: ಮೂರು ದಾರಿಯನ್ನೂ ನೋಡಿದ ಮೇಲೆ

ನಮ್ಮ ಮನೆಯ ಕಟ್ಟಡ ಪರವಾನಗಿಗೆ ನಕ್ಷೆಗಳನ್ನು ಮೂರು ಸಲ ಹಾಕಿದ್ದೇನೆ. ಮೊದಲು ಕೈಯಲ್ಲಿ, ಆಮೇಲೆ ವರ್ಷದ ಚಂದಾ ಕಟ್ಟಿ ತೆಗೆದುಕೊಂಡ ಒಂದು 3ಡಿ ಸಾಫ್ಟ್‌ವೇರಿನಲ್ಲಿ, ಕೊನೆಗೆ ಕ್ಯೂಕ್ಯಾಡ್ ಎಂಬ 2ಡಿ ಸಾಫ್ಟ್‌ವೇರಿನಲ್ಲಿ. ಪರವಾನಗಿ ಸಿಕ್ಕಿದ್ದು ಕೊನೆಯದಕ್ಕೆ. ಒಂದೇ ಮನೆಗೆ ನಕ್ಷೆ ಹಾಕುವವರು ಸುಮ್ನೆ 3ಡಿ ಹಿಂದೆ ಹೋಗಬೇಡಿ ಅಂತ ಈಗಲೇ ಹೇಳಿಬಿಡುತ್ತೇನೆ.

ಕಂಬ, ಬೀಮು, ಕಬ್ಬಿಣದ ಲೆಕ್ಕ ನಾನು ಮುಟ್ಟಿಲ್ಲ, ಅದು ಸ್ಟ್ರಕ್ಚರಲ್ ಎಂಜಿನಿಯರ್ ಕೆಲಸ. ಎಷ್ಟೋ ಕಡೆ ಉಳಿದ ಹಾಳೆಗಳಿಗೂ ಅರ್ಹತೆ ಇರುವವರ ಸಹಿ ಬೇಕೇ ಬೇಕು. ನಾನು ಹೇಳುತ್ತಿರುವುದು ಸೈಟ್ ಪ್ಲಾನ್, ಮಹಡಿಗಳ ಪ್ಲಾನ್, ಎಲಿವೇಶನ್ (ಹೊರಗೆ ನಿಂತು ನೇರ ನೋಡಿದಾಗ ಕಾಣುವ ಗೋಡೆಯ ಚಿತ್ರ), ಸೆಕ್ಷನ್ (ಮನೆಯನ್ನು ಮೇಲಿಂದ ಕೆಳಗೆ ಕತ್ತರಿಸಿ ನೋಡಿದಂಥ ಚಿತ್ರ), ಬಾಗಿಲು ಕಿಟಕಿ ಪಟ್ಟಿ ಇವುಗಳ ಬಗ್ಗೆ ಮಾತ್ರ.

ಕೈಯಲ್ಲಿ ಬರೆಯುವುದು ಯೋಚನೆ ಮಾಡಲು ಬಹಳ ಒಳ್ಳೆಯದು. ಟ್ರೇಸಿಂಗ್ ಪೇಪರ್ ಒಂದರ ಮೇಲೊಂದು ಇಟ್ಟರೆ ಮೇಲಿನ ಗೋಡೆ ಕೆಳಗಿನ ಗೋಡೆ ಮೇಲೆ ಕೂರುತ್ತದಾ ಇಲ್ಲವಾ ಅಂತ ತಕ್ಷಣ ಗೊತ್ತಾಗುತ್ತದೆ. ಆದರೆ ಮೆಟ್ಟಿಲು ಒಂದು ಹೆಜ್ಜೆ ಆಚೆ ಸರಿದರೆ ನಾಲ್ಕು ಹಾಳೆ ಮತ್ತೆ ಬರೆಯಬೇಕು. ಎರಡನೇ ಸಲ ಸರಿದಾಗ ನಾನು ನಿಲ್ಲಿಸಿದೆ.

ಇನ್ನು 3ಡಿ. ಮನೆಯನ್ನು ಒಮ್ಮೆ ಮಾದರಿಯಾಗಿ ಕಟ್ಟಿಬಿಟ್ಟರೆ ಪ್ಲಾನ್, ಎಲಿವೇಶನ್, ಸೆಕ್ಷನ್ ಎಲ್ಲಾ ಅದರಿಂದಲೇ ಬರುತ್ತದೆ, ಒಂದು ಕಡೆ ಬದಲಿಸಿದರೆ ಎಲ್ಲಾ ಕಡೆ ಬದಲಾಗುತ್ತದೆ. ಅದೇ ಆಸೆಗೆ ದುಡ್ಡು ಕಟ್ಟಿದೆ. ಗೆರೆಗಳ ಮಟ್ಟಿಗೆ ಅದು ನಿಜವೂ ಹೌದು. ತೊಂದರೆ ಬಂದಿದ್ದು ಅಳತೆಗಳಲ್ಲಿ.

ಬಚ್ಚಲುಮನೆ ಗೋಡೆಯ ಒಟ್ಟು ಉದ್ದ 3800 ಮಿ.ಮೀ. ಎಡಕ್ಕೆ 1200 ಗೋಡೆ, 900 ಕಿಟಕಿ, ಬಲಕ್ಕೆ 1700 ಗೋಡೆ. ಪೈಪು ಅಡ್ಡ ಬಂತು ಅಂತ ಕಿಟಕಿಯನ್ನು 300 ಬಲಕ್ಕೆ ಸರಿಸಿದೆ. ಪ್ಲಾನಿನಲ್ಲಿ ಸರಿಯಿತು, ಎಲಿವೇಶನ್ನಿನಲ್ಲೂ ಸರಿಯಿತು, ನೋಡಿ ಖುಷಿಪಟ್ಟೆ. ಎಡಗಡೆ ಅಳತೆ ತಾನಾಗಿ 1500 ಆಯಿತು. ಬಲಗಡೆಯದು ಮಾತ್ರ 1700 ಅಂತಲೇ ಉಳಿಯಿತು, ಯಾಕೆಂದರೆ ಹಿಂದೊಮ್ಮೆ ಅಲ್ಲಿ 1698 ಅಂತ ಬಂದಿದ್ದಾಗ ಮಾದರಿ ಸರಿಮಾಡುವ ಬದಲು ಅಂಕಿಯ ಮೇಲೆ ನಾನೇ 1700 ಅಂತ ಟೈಪ್ ಮಾಡಿದ್ದೆ. ಹಾಗೆ ಟೈಪ್ ಮಾಡಿದ ಅಂಕಿ ಆಮೇಲೆ ಗೋಡೆ ಎಲ್ಲಿ ಹೋದರೂ ಬದಲಾಗುವುದಿಲ್ಲ. ಈಗ ಹಾಳೆಯ ಮೇಲೆ 1500, 900, 1700, ಕೂಡಿದರೆ 4100. ಅದರ ಮೇಲಿನ ಸಾಲಿನಲ್ಲಿ ಒಟ್ಟು 3800.

ನಕ್ಷೆ ಪರಿಶೀಲಿಸುವವರು ಮೊದಲು ಮಾಡುವ ಕೆಲಸವೇ ಕೂಡಿ ನೋಡುವುದು, ಅಲ್ವಾ? ಅರ್ಜಿ ವಾಪಸ್ ಬಂತು. ತಪ್ಪು ಒಂದೇ ಕಡೆ ಇದ್ದರೂ ಉಳಿದ ಅಂಕಿಗಳ ಮೇಲೆ ನನಗೇ ನಂಬಿಕೆ ಹೋಯಿತು. 9 ಹಾಳೆಯ ಪ್ರತಿ ಅಳತೆಯನ್ನೂ ಒತ್ತಿ ನೋಡುತ್ತಾ ಕೂತೆ. ಇನ್ನೆರಡು ಕಡೆ ಬೇರೆ ತರಹದ ತಪ್ಪು ಸಿಕ್ಕಿತು: ಮಾದರಿ ಹೊಸದಾದಾಗ ಅಳತೆ ಗೋಡೆಯ ಮೂಲೆಯಿಂದ ಕಳಚಿಕೊಂಡು ಹಳೆಯ ಜಾಗದಲ್ಲೇ ನಿಂತಿತ್ತು. ಎಲ್ಲಾ ತಾನಾಗಿ ಬದಲಾಗುತ್ತದೆ ಅಂತ ನಂಬಿದ್ದರಿಂದಲೇ ನಾನು ಮತ್ತೆ ನೋಡಿರಲಿಲ್ಲ. ಕೆಲಸ ಕಡಿಮೆ ಆಗುತ್ತದೆ ಅಂತ ತೆಗೆದುಕೊಂಡದ್ದಕ್ಕೆ ಪರೀಕ್ಷೆಯ ಕೆಲಸವೇ ಜಾಸ್ತಿಯಾಯಿತು.

ಆ 3ಡಿಯಲ್ಲಿ ಗೆರೆಗಳು ಚೂಪಾಗಿ ಬರಬೇಕೆಂದರೆ ಪ್ರತಿ ಹಾಳೆಗೂ ಕಾಯಬೇಕಿತ್ತು, ಅದು ಬೇರೆ.

2ಡಿಯಲ್ಲಿ ಒಂದು ನಕ್ಷೆ ಬದಲಿಸಿದರೆ ಇನ್ನೊಂದು ತಾನಾಗಿ ಬದಲಾಗುವುದಿಲ್ಲ. ಪ್ಲಾನಿನಲ್ಲಿ ಕಿಟಕಿ ಸರಿಸಿದರೆ ಎಲಿವೇಶನ್ನಿನಲ್ಲೂ ನಾನೇ ಸರಿಸಬೇಕು. ಇದಕ್ಕೆ ಹಳೇ ಡ್ರಾಯಿಂಗ್ ಬೋರ್ಡಿನ ಪದ್ಧತಿಯೇ ಸರಿ: ಎಲಿವೇಶನ್ನನ್ನು ಪ್ಲಾನಿನ ನೇರ ಕೆಳಗೆ ಹಾಕಿ, ಪ್ರತಿ ಮೂಲೆಯಿಂದ ತೆಳು ಗೆರೆ ಇಳಿಸಿ. ಕಿಟಕಿ ತಪ್ಪು ಜಾಗದಲ್ಲಿದ್ದರೆ ಗೆರೆಯೇ ತೋರಿಸುತ್ತದೆ. ಒಂದೇ ತರಹದ ಕಿಟಕಿಗಳನ್ನು ಬ್ಲಾಕ್, ಅಂದರೆ ಒಮ್ಮೆ ಬರೆದು ಬೇಕಾದಲ್ಲೆಲ್ಲ ಕೂರಿಸುವ ತುಣುಕು, ಮಾಡಿಟ್ಟುಕೊಂಡರೆ ಒಂದನ್ನು ತಿದ್ದಿದಾಗ ಎಲ್ಲವೂ ತಿದ್ದುತ್ತವೆ. ಗೆರೆಯ ದಪ್ಪ ಕತ್ತರಿಸಿದ ಗೋಡೆಗೆ 0.5 ಮಿ.ಮೀ., ಆಚೆ ಕಾಣುವುದಕ್ಕೆ 0.25, ಅಳತೆಗೆ 0.18, ಇಷ್ಟನ್ನು ಲೇಯರುಗಳಲ್ಲಿ (ಗೆರೆಗಳನ್ನು ಬೇರೆ ಬೇರೆ ಇಡುವ ಪದರಗಳು) ಗೊತ್ತು ಮಾಡಿಟ್ಟರೆ ಹಾಳೆ ಓದಲು ಸಲೀಸು. ಅಂಕಿಯ ಮೇಲೆ ಮಾತ್ರ ಎಂದೂ ಟೈಪ್ ಮಾಡಬೇಡಿ. 1698 ಬಂದರೆ ಗೋಡೆಯನ್ನೇ ಸರಿಮಾಡಿ.

ಕ್ಯೂಕ್ಯಾಡ್‌ನ ಕಮ್ಯುನಿಟಿ ಆವೃತ್ತಿ ಉಚಿತ. ಎಂಜಿನಿಯರ್ ಡಿಡಬ್ಲ್ಯುಜಿ (ಆಟೋಕ್ಯಾಡ್‌ನ ನಕ್ಷೆ ಫೈಲ್) ಕಳಿಸಿದ್ದರಿಂದ, ಅದನ್ನು ತೆರೆಯಲು ನಾನು ದುಡ್ಡು ಕೊಟ್ಟು ಪ್ರೊಫೆಷನಲ್ ಆವೃತ್ತಿ ತೆಗೆದುಕೊಂಡೆ, ಅದು ಚಂದಾ ಅಲ್ಲ.

ಯಾವುದರಲ್ಲಿ ಹಾಕಿದರೂ ಪ್ರಿಂಟ್ ಮಾಡುವಾಗ ಜೋಪಾನ. ಹಾಳೆಗೆ ಹೊಂದಿಸು ಎಂಬ ಆಯ್ಕೆ ಬಿಟ್ಟು 100% ಅಳತೆಯಲ್ಲೇ ಪ್ರಿಂಟ್ ಮಾಡಿಸಿ. ಇಲ್ಲದಿದ್ದರೆ 1:100 ನಕ್ಷೆಯಲ್ಲಿ 100 ಮಿ.ಮೀ. ಇರಬೇಕಾದ ಗೆರೆ 97 ಆಗಿ, 10 ಮೀಟರ್ ಗೋಡೆ ಸ್ಕೇಲಿಟ್ಟು ನೋಡಿದರೆ 9.7 ಮೀಟರ್ ಆಗುತ್ತದೆ. ಸೆಟ್‌ಬ್ಯಾಕ್ (ಸೈಟಿನ ಗಡಿಯಿಂದ ಬಿಡಲೇಬೇಕಾದ ಜಾಗ) ಅಂಚಿನಲ್ಲಿರುವ ಮನೆಯ ಅರ್ಜಿ ವಾಪಸ್ ಬರಲು ಅಷ್ಟು ಸಾಕು. ಎ2 ಹಾಳೆಯದನ್ನು ಎ3ಗೆ ಇಳಿಸಿದರಂತೂ 1:100 ಎಂಬುದು ಸುಮಾರು 1:141 ಆಗಿಬಿಡುತ್ತದೆ. ನಾನು ಪ್ರತಿ ಹಾಳೆಯ ಮೂಲೆಯಲ್ಲಿ ಸರಿಯಾಗಿ 100 ಮಿ.ಮೀ. ಗೆರೆ ಹಾಕಿ, ಪ್ರಿಂಟ್ ಅಂಗಡಿಯಲ್ಲೇ ಸ್ಕೇಲಿಟ್ಟು ನೋಡುತ್ತೇನೆ.

ನಾನು ಸಂಜೆ ಹೊತ್ತು ಒಂದೆರಡು ಗಂಟೆ ಕೂರುವವನು, ಹಾಕಬೇಕಿದ್ದುದು ಒಂದು ಮನೆ. ತಿಂಗಳಿಗೊಂದು ಮನೆ ಹಾಕುವವರಿಗೆ, ಗೋಡೆ ಸರಿದಾಗ ಬೇರೆಯವರೂ ಕೂತು ಅಳತೆ ನೋಡುವ ಕಡೆ, 3ಡಿ ದುಡ್ಡಿಗೆ ತಕ್ಕ ಕೆಲಸ ಮಾಡಬಹುದು. ನನ್ನ ಆ ಮಾದರಿ ಈಗಲೂ ಇದೆ. ಅಡುಗೆಮನೆಗೆ ಬೆಳಗಿನ ಬಿಸಿಲು ಎಲ್ಲಿವರೆಗೆ ಬರುತ್ತದೆ ಅಂತ ಮನೆಯವರಿಗೆ ಅದರಲ್ಲೇ ತೋರಿಸಿದೆ, ಅದಕ್ಕೆ ಅದು ಬಹಳ ಚೆನ್ನಾಗಿದೆ. ಚಂದಾ ಇನ್ನು ಮುಂದುವರಿಸುವುದಿಲ್ಲ.