ಎರೆಮಣ್ಣಿನಲ್ಲಿ ಎಡಕ್ಕೆ ಮಲಗಿದ ಬೈಕು: ನಾಲ್ಕೂವರೆ ವರ್ಷದ ಬಳಕೆಯ ನಂತರ

2021ರ ಜನವರಿಯಲ್ಲಿ ಕೊಂಡ 350 ಸಿಸಿ ಬೈಕು ಇದು. ಓಡೋಮೀಟರ್ ಈಗ 61 ಸಾವಿರ ಕಿಲೋಮೀಟರ್ ದಾಟಿದೆ. ಗಂಗಾವತಿಯಲ್ಲಿ ನನ್ನದು ಬೀಜ, ಗೊಬ್ಬರದ ಅಂಗಡಿ. ಉದ್ರಿ ಕೊಟ್ಟ ಮೇಲೆ ವಸೂಲಿಗೆ ತಿರುಗಲೇಬೇಕು. ಹೀಗಾಗಿ ಕಾರಟಗಿ, ಸಿದ್ದಾಪುರ, ಕನಕಗಿರಿ ಕಡೆ ವಾರದಲ್ಲಿ ನಾಲ್ಕು ದಿನ ಓಡಾಟ. ಅದರಲ್ಲಿ ಅರ್ಧ ಡಾಂಬರು ರಸ್ತೆ, ಇನ್ನರ್ಧ ಕಾಲುವೆ ದಂಡೆ. ಕಂಪನಿಯ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ. ಮುಂದೆ ಹೇಳುವ ತೊಂದರೆಗಳು ಎಡಕ್ಕೆ ಬಿದ್ದ ಯಾವ ಬೈಕಿಗೂ ಬರಬಹುದಾದವು.

ಎಲ್ಲರೂ ಕೇಳುವುದನ್ನು ಮೊದಲು ಮುಗಿಸಿಬಿಡುತ್ತೇನೆ. ಲೀಟರಿಗೆ 33ರಿಂದ 35 ಕಿಲೋಮೀಟರ್ ಬರುತ್ತದೆ. ಹಿಂದಿನ ಟೈರ್ ಎರಡು ಬಾರಿ, ಚೈನ್ ಸೆಟ್ ಎರಡು ಬಾರಿ ಬದಲಾಗಿವೆ. ಸುಗ್ಗಿಯಲ್ಲಿ ರಸ್ತೆಯ ಮೇಲೆಯೇ ಭತ್ತ ಒಣಗಿಸುವ ಸೀಮೆ ನಮ್ಮದು, ಆ ದೂಳಿಗೆ ಚೈನ್ ಬೇಗ ಸವೆಯುತ್ತದೆ. ಏರ್ ಫಿಲ್ಟರ್ ಅನ್ನು ಪುಸ್ತಕದಲ್ಲಿ ಬರೆದ ಅವಧಿಗಿಂತ ಮೊದಲೇ ತೆಗೆಸುತ್ತೇನೆ. ಏಪ್ರಿಲ್ ಬಿಸಿಲಿನಲ್ಲಿ ಎಂಜಿನ್ನಿನ ಕಾವು ಬಲಗಾಲಿಗೆ ತಾಗುತ್ತದೆ, ಅದಕ್ಕೆ ಮದ್ದಿಲ್ಲ.

ಇನ್ನು ಬಿದ್ದ ಕಥೆ. 2022ರ ಆಗಸ್ಟ್, ಗದ್ದೆಗಳಲ್ಲಿ ನಾಟಿ ನಡೆದಿತ್ತು. ರಸ್ತೆಯ ಅಂಚಿನಲ್ಲಿ ಬೈಕನ್ನು ಸೈಡ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿದೆ. ಎಂಜಿನ್ ಆರಿಸದೆ ನ್ಯೂಟ್ರಲ್‌ನಲ್ಲಿಟ್ಟು ಬದುವಿನ ಮೇಲಿದ್ದ ರೈತರನ್ನು ಮಾತಾಡಿಸಲು ಇಳಿದೆ. ಹಿಂದಿನ ರಾತ್ರಿ ಮಳೆಯಾಗಿತ್ತು. ಎರೆಮಣ್ಣು ಮೇಲೆ ಒಣಗಿದಂತೆ ಕಾಣುತ್ತದೆ, ಒಳಗೆ ಬೆಣ್ಣೆ. ಸ್ಟ್ಯಾಂಡ್ ನಿಧಾನವಾಗಿ ಇಳಿದಿರಬೇಕು. ನಾನು ತಿರುಗಿ ನೋಡುವಷ್ಟರಲ್ಲಿ ಬೈಕು ಎಡಮಗ್ಗುಲಿಗೆ ಮಲಗಿತ್ತು, ಎಂಜಿನ್ ತಾನಾಗಿಯೇ ಆರಿತ್ತು. ಇಬ್ಬರು ಸೇರಿ ಎತ್ತಿದೆವು. ಲೆಗ್ ಗಾರ್ಡ್ ಇದ್ದುದರಿಂದ ಟ್ಯಾಂಕಿಗೆ ಒಂದು ಗೀರೂ ಇರಲಿಲ್ಲ. ಏನೂ ಆಗಿಲ್ಲ ಎಂದುಕೊಂಡು ಸೆಲ್ಫ್ ಒತ್ತಿದೆ. ಮೋಟರ್ ತಿರುಗುತ್ತದೆ, ಎಂಜಿನ್ ಹತ್ತುವುದಿಲ್ಲ. ಐದು ನಿಮಿಷ ಒತ್ತಿ ಒತ್ತಿ ಬ್ಯಾಟರಿಯ ದನಿ ಇಳಿಯತೊಡಗಿತು. ಸಿಟ್ಟಿನಿಂದ ಕೀಲಿ ಕಿತ್ತು ಜೇಬಿಗೆ ಹಾಕಿ, ಬೀಡಿ ಸೇದುತ್ತಿದ್ದ ಟ್ರ್ಯಾಕ್ಟರ್ ಚಾಲಕನ ಸಹಾಯ ಕೇಳಿ ಬಂದೆ. ಮತ್ತೆ ಕೀಲಿ ಹಾಕಿದಾಗ ಒಂದೇ ಒತ್ತಿಗೆ ಹತ್ತಿತು!

ಪವಾಡವೇನಲ್ಲ. ಇಂಧನ ಇಂಜೆಕ್ಷನ್ ಇರುವ ಬೈಕುಗಳಲ್ಲಿ ಸಾಮಾನ್ಯವಾಗಿ ವಾಲಿಕೆಯನ್ನು ಗುರುತಿಸುವ ಸೆನ್ಸರ್ ಇರುತ್ತದೆ. ಗಾಡಿ ಬಿದ್ದಿತೆಂದು ತಿಳಿದ ಕೂಡಲೇ ಅದು ಎಂಜಿನ್ ನಿಲ್ಲಿಸಿಬಿಡುತ್ತದೆ. ಗಾಡಿಯನ್ನು ಎತ್ತಿ ನಿಲ್ಲಿಸಿದರೆ ಸಾಲದು, ಕೀಲಿ ಒಮ್ಮೆ ಆರಿಸಿ ಮತ್ತೆ ಹಾಕಬೇಕು. ಇದು ಮಾಲೀಕರ ಕೈಪಿಡಿಯಲ್ಲಿ ಒಂದು ಸಾಲಿನಲ್ಲಿದೆ. ಹಾರ್ನ್ ಹೇಗೆ ಒತ್ತಬೇಕೆಂದು ಅರ್ಧ ಪುಟ ಬರೆದವರು ಇದನ್ನು ಸ್ವಲ್ಪ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಬಹುದಿತ್ತು.

ಮನೆಗೆ ಬರುವ ದಾರಿಯಲ್ಲಿ ಗೇರ್ ಬಿಗಿಯಾಗಿತ್ತು. ಎರಡನೆಯದರಿಂದ ಕೆಳಗೆ ಇಳಿಯುತ್ತಿರಲಿಲ್ಲ. ಮನೆಯ ಮುಂದೆ ಎಷ್ಟು ತುಳಿದರೂ ನ್ಯೂಟ್ರಲ್‌ನ ಹಸಿರು ದೀಪ ಹತ್ತಲಿಲ್ಲ. ಬೆಳಗ್ಗೆ ಸೆಲ್ಫ್ ಒತ್ತಿದರೆ ಸದ್ದೇ ಇಲ್ಲ. ಬೈಕನ್ನು ಹಿಂದೆ ಮುಂದೆ ಅಲ್ಲಾಡಿಸಿ, ಗೇರ್ ಲಿವರನ್ನು ಕೈಯಿಂದಲೇ ಎಳೆದಾಡಿದ ಮೇಲೆ ಹಸಿರು ದೀಪ ಹತ್ತಿತು, ಎಂಜಿನ್ನೂ ಹತ್ತಿತು. ಕ್ಲಚ್ ಹಿಡಿದು ಮೊದಲ ಗೇರ್ ಹಾಕಿದೆ, ಆರಿಹೋಯಿತು. ಮತ್ತೆ ಹಾಕಿದೆ, ಮತ್ತೆ ಆರಿತು. ನಾನು ತೆಗೆದ ತೀರ್ಮಾನ: ದೀಪ ಹತ್ತದಿರುವುದು ವೈರಿಂಗ್ ದೋಷ, ಗೇರ್ ಹಾಕಿದರೆ ಆರುವುದು ಗೇರ್‌ಬಾಕ್ಸ್ ದೋಷ. ಸರ್ವಿಸ್ ಸೆಂಟರಿಗೆ ಸಾಗಿಸಿದೆ. ಅವರೂ ಹಾಗೆಯೇ ಹೇಳಿದರು, ಗೇರ್‌ಬಾಕ್ಸ್ ಬಿಚ್ಚಬೇಕು, ವೈರಿಂಗ್ ಬದಲಿಸಬೇಕು ಎಂದು 16 ಸಾವಿರದ ಅಂದಾಜು ಬರೆದುಕೊಟ್ಟರು. ಇನ್ನೂ ಒಂದು ಬೋಲ್ಟ್ ಕೂಡ ಬಿಚ್ಚಿರಲಿಲ್ಲ.

ನಾನು ಬೈಕನ್ನು ಅಲ್ಲಿಂದ ಎತ್ತಿಸಿಕೊಂಡು, ಎಲ್ಲರೂ ಚಾಚಾ ಎಂದು ಕರೆಯುವ ಒಬ್ಬ ಹಳೆಯ ಮಿಸ್ತ್ರಿಯ ಬಳಿ ಹೋದೆ. ಅವರು ಪಾನಾ ಕೈಗೆ ತೆಗೆದುಕೊಳ್ಳಲಿಲ್ಲ, ಒಂದು ಪ್ರಶ್ನೆ ಕೇಳಿದರು:

“ಕ್ಲಚ್ ಬಿಟ್ಟ ಮೇಲೆ ಆರುತ್ತದೆಯೋ, ಬಿಡುವುದಕ್ಕೆ ಮೊದಲೇ ಆರುತ್ತದೆಯೋ?”

“ಮೊದಲೇ, ಚಾಚಾ. ಗೇರ್ ಬಿದ್ದ ತಕ್ಷಣ.”

“ಜಗ್ಗುತ್ತದೆಯೋ?”

“ಇಲ್ಲ. ಲೈಟ್ ಆರಿಸಿದ ಹಾಗೆ ನಿಲ್ಲುತ್ತದೆ.”

“ಹಾಗಾದರೆ ಗೇರ್‌ಬಾಕ್ಸಿನ ಸುದ್ದಿ ಬಿಡಪ್ಪ. ಸ್ಟ್ಯಾಂಡ್ ನೋಡೋಣ.”

ಈ ಪ್ರಶ್ನೆಯ ಬೆಲೆಯೇ 16 ಸಾವಿರ ಎಂದು ಈಗಲೂ ಅಂದುಕೊಳ್ಳುತ್ತೇನೆ. ಲಿವರ್ ಹಿಡಿದರೂ ಕ್ಲಚ್ ಎಂಜಿನ್ನನ್ನು ಚಕ್ರದಿಂದ ಪೂರ್ತಿ ಬೇರ್ಪಡಿಸದೆ ಎಂಜಿನ್ ಸತ್ತರೆ ಗಾಡಿ ಮುಂದಕ್ಕೆ ಜಗ್ಗಿ, ಕೆಮ್ಮಿ ನಿಲ್ಲುತ್ತದೆ. ಸ್ವಿಚ್ ಕತ್ತರಿಸಿದರೆ ಸದ್ದಿಲ್ಲದೆ ಆರುತ್ತದೆ. ಸೈಡ್ ಸ್ಟ್ಯಾಂಡ್ ಕೆಳಗಿದ್ದಾಗ ಗೇರ್ ಹಾಕಿದರೆ ಎಂಜಿನ್ ನಿಲ್ಲಲಿ ಎಂದೇ ಅದರ ಬುಡದಲ್ಲಿ ಒಂದು ಸಣ್ಣ ಸ್ವಿಚ್ ಇದೆ. ಎರೆಮಣ್ಣು ಅದರೊಳಗೆ ಹೊಕ್ಕು, ರಾತ್ರಿಯೆಲ್ಲ ಒಣಗಿ ಗಾರೆಯಂತೆ ಗಟ್ಟಿಯಾಗಿತ್ತು. ಸ್ಟ್ಯಾಂಡ್ ಎತ್ತಿದ್ದರೂ ಸ್ವಿಚ್ಚಿನ ಲೆಕ್ಕದಲ್ಲಿ ಅದು ಕೆಳಗೇ ಇತ್ತು. ನೀರು, ಹಳೆಯ ಟೂತ್ ಬ್ರಷ್, ಆಮೇಲೆ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ, ಅಷ್ಟೇ. ಮಲ್ಟಿಮೀಟರ್ ಹಿಡಿದು ಸ್ಟ್ಯಾಂಡನ್ನು ಎತ್ತಿ ಇಳಿಸಿ ನೋಡಿದರು, ಎರಡು ಸ್ಥಿತಿಗೂ ಬೇರೆ ಬೇರೆ ಉತ್ತರ ಬಂತು. ಸ್ವಿಚ್ಚಿಗೆ ಹೋಗುವ ಎರಡು ವೈರ್ ಕತ್ತರಿಸಿ ಒಂದಕ್ಕೊಂದು ಸುತ್ತಿಬಿಡಿ ಎಂದು ಅಲ್ಲಿ ನಿಂತಿದ್ದ ಒಬ್ಬರು ಬಿಟ್ಟಿ ಸಲಹೆ ಕೊಟ್ಟರು. ಸ್ಟ್ಯಾಂಡ್ ಇಳಿದಿರುವಾಗ ಹೊರಟು, ಎಡಕ್ಕೆ ತಿರುಗುವಾಗ ಅದು ನೆಲಕ್ಕೆ ತಗುಲಿ ಬಿದ್ದವರನ್ನು ನಾನೇ ನೋಡಿದ್ದೇನೆ. ಬೇಡ ಎಂದೆ.

ಹಸಿರು ದೀಪದ ತೊಂದರೆ ಕರೆಂಟಿನದಲ್ಲ, ಕಬ್ಬಿಣದ್ದು. ಗೇರ್ ಲಿವರಿನ ಮುಂದಿನ ತುದಿ ಒಳಕ್ಕೆ ಬಾಗಿ, ತುಳಿದಾಗ ಎಂಜಿನ್ ಕವರಿಗೆ ಉಜ್ಜುತ್ತಿತ್ತು. ಪೂರ್ತಿ ಕೆಳಗೆ ಹೋಗದು, ಬಿಟ್ಟ ಮೇಲೆ ಪೂರ್ತಿ ಮೇಲೂ ಬಾರದು. ಹಾಗಾಗಿ ಗೇರ್ ಎರಡರಲ್ಲೇ ಕುಳಿತಿತ್ತು. ನ್ಯೂಟ್ರಲ್ಲೇ ಆಗದಿದ್ದರೆ ಅದರ ದೀಪ ಎಲ್ಲಿಂದ ಹತ್ತಬೇಕು? ಎಡಕ್ಕೆ ಬಿದ್ದರೆ ಗೇರ್ ಲಿವರ್, ಕ್ಲಚ್ ಲಿವರ್, ಸೈಡ್ ಸ್ಟ್ಯಾಂಡ್ ಮೂರೂ ಒಟ್ಟಿಗೆ ಪೆಟ್ಟು ತಿನ್ನುತ್ತವೆ, ಆದ್ದರಿಂದ ಒಂದರ ಲಕ್ಷಣ ಇನ್ನೊಂದರ ಮೇಲೆ ಕುಳಿತುಕೊಳ್ಳುತ್ತದೆ.

ಲಿವರನ್ನು ಗಾಡಿಯ ಮೇಲೆಯೇ ಸುತ್ತಿಗೆಯಿಂದ ಬಡಿಯಲು ಚಾಚಾ ಒಪ್ಪಲಿಲ್ಲ. ಹಾಗೆ ಬಡಿದರೆ ಒಳಗಿನ ಶಾಫ್ಟ್ ಬಾಗುತ್ತದೆ, ಸೀಲ್ ಹರಿದು ಆಯಿಲ್ ಸೋರುತ್ತದೆ, ಆಗ ನಿಜವಾಗಿಯೂ ಎಂಜಿನ್ ಬಿಚ್ಚಬೇಕಾಗುತ್ತದೆ. ಲಿವರ್ ಕೂತ ಜಾಗಕ್ಕೆ ಗುರುತು ಹಾಕಿ, ಬಿಚ್ಚಿ, ವೈಸ್‌ನಲ್ಲಿ ಕಚ್ಚಿಸಿ ನೆಟ್ಟಗೆ ಮಾಡಿದರು. ಗೇರ್‌ಬಾಕ್ಸ್ ಪರೀಕ್ಷೆ ಇನ್ನೂ ಸರಳ. ಮೇನ್ ಸ್ಟ್ಯಾಂಡ್ ಹಾಕಿ, ಎಂಜಿನ್ ಆರಿಸಿ, ಹಿಂದಿನ ಚಕ್ರವನ್ನು ಕೈಯಿಂದ ತಿರುಗಿಸುತ್ತ ಒಂದರಿಂದ ಐದರವರೆಗೆ ಹಾಕಿ ಇಳಿಸಿದರು. ಚಕ್ರ ತಿರುಗಿಸದೆ ನಿಂತಲ್ಲೇ ಹಾಕಿದರೆ ಒಳ್ಳೆಯ ಗೇರ್‌ಬಾಕ್ಸ್ ಕೂಡ ಬಿಗಿ ಎನಿಸುತ್ತದೆ. ಎಲ್ಲ ಗೇರುಗಳೂ ಸರಾಗವಾಗಿ ಬಿದ್ದವು. ಬಾಗಿದ್ದ ಕ್ಲಚ್ ಲಿವರ್ ಹೊಸದಾಯಿತು, ಕೇಬಲ್ಲಿನ ಸಡಿಲ ಸರಿಹೊಂದಿತು, ಆಯಿಲ್ ಮಟ್ಟ ನೋಡಿದ್ದಾಯಿತು. ಎಲ್ಲ ಸೇರಿ 700 ರೂಪಾಯಿ, ಚಹಾ ಅವರದೇ. ಒಂದು ವಾರ ರಾತ್ರಿ ಬೈಕಿನ ಕೆಳಗೆ ಹಳೆಯ ಪತ್ರಿಕೆ ಹಾಸಿಟ್ಟೆ, ಒಂದು ಹನಿ ಆಯಿಲ್ ಬಿದ್ದಿರಲಿಲ್ಲ.

ಕಥೆ ಅಲ್ಲಿಗೆ ಮುಗಿದಿತ್ತು ಎಂದುಕೊಂಡಿದ್ದೆ. ಎರಡು ವಾರದ ನಂತರ ಹಾರ್ನ್, ಇಂಡಿಕೇಟರ್ ಎರಡೂ ಸತ್ತವು. ಫ್ಯೂಸ್ ಹೋಗಿತ್ತು. ಹೊಸದು ಹಾಕಿದೆ, ಮನೆಯಿಂದ ಹೊರಟು ಮೊದಲ ತಿರುವಿನಲ್ಲೇ ಅದೂ ಹೋಯಿತು. ದೊಡ್ಡ ಆಂಪಿಯರಿನ ಫ್ಯೂಸ್ ಹಾಕುವ ಆಸೆ ಯಾರಿಗೂ ಬರುತ್ತದೆ, ಹಾಕಿದರೆ ಫ್ಯೂಸಿನ ಬದಲು ವೈರ್ ಸುಡುತ್ತದೆ. ತಿರುವಿನಲ್ಲೇ ಹೋಗುತ್ತದೆಂಬುದೇ ಸುಳಿವಾಯಿತು. ಹ್ಯಾಂಡಲನ್ನು ಪೂರ್ತಿ ಎಡಕ್ಕೆ ತಿರುಗಿಸಿ ಟಾರ್ಚ್ ಹಿಡಿದಾಗ, ಹೆಡ್‌ಲೈಟಿನ ಹಿಂದೆ ವೈರುಗಳ ಕಟ್ಟು ಚಾಸಿಗೆ ಒತ್ತಿ, ಒಂದು ವೈರಿನ ಮೈ ಸುಲಿದಿದ್ದು ಕಂಡಿತು. ಬಿದ್ದಾಗ ಹ್ಯಾಂಡಲ್ ಜೋರಾಗಿ ಹೊರಳಿ ಕಟ್ಟು ಜಾಗ ಬಿಟ್ಟಿತ್ತು. ಸ್ಲೀವ್ ಹಾಕಿ, ಕಟ್ಟನ್ನು ಹಳೆಯ ಜಾಗಕ್ಕೆ ತಂದು ಕಟ್ಟಿದ ಮೇಲೆ ಇಂದಿನವರೆಗೆ ಫ್ಯೂಸ್ ಹೋಗಿಲ್ಲ. ಬ್ಯಾಟರಿ ನಿಂತಾಗ 12.6 ವೋಲ್ಟ್, ಓಡುವಾಗ 14ರ ಆಸುಪಾಸು, ಚಾರ್ಜಿಂಗಿಗೆ ಏನೂ ಆಗಿರಲಿಲ್ಲ.

ಆಮೇಲೆ ಬೈಕು ನನಗೆ ತೊಂದರೆ ಕೊಟ್ಟಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್ ಗೇಟ್ ಕೊಚ್ಚಿಹೋದಾಗ, ಬೆಳೆಗೆ ನೀರು ಸಿಗುತ್ತದೋ ಇಲ್ಲವೋ ಎಂದು ರೈತರಿಗೆ ಚಿಂತೆ, ಬಾಕಿ ಬರುತ್ತದೋ ಇಲ್ಲವೋ ಎಂದು ನನಗೆ. ಆ ತಿಂಗಳು ನಾನು ಎಷ್ಟು ಓಡಾಡಿದೆನೋ, ಒಂದು ದಿನವೂ ಗಾಡಿ ಕೈಕೊಡಲಿಲ್ಲ.

ಹಾಗೆಂದು ತಯಾರಕರನ್ನು ಪೂರ್ತಿ ಬಿಟ್ಟುಕೊಡುವುದಿಲ್ಲ. ಇಷ್ಟು ಭಾರದ ಬೈಕಿಗೆ ಸೈಡ್ ಸ್ಟ್ಯಾಂಡಿನ ಪಾದ ಒಂದು ಬೆಂಕಿಪೊಟ್ಟಣದಷ್ಟೂ ಇಲ್ಲ. ಸ್ವಿಚ್ಚಿಗೆ ಮಣ್ಣು ತಡೆಯುವ ಮುಚ್ಚಳವಿಲ್ಲ. ಎರಡೂ ಹತ್ತಿಪ್ಪತ್ತು ರೂಪಾಯಿಯ ಮಾತು. ಪಾದಕ್ಕೆ ಅಂಗೈ ಅಗಲದ ತಗಡು ಬೆಸುಗೆ ಹಾಕಿಸಿದ್ದೇನೆ. ಸೈಡ್ ಬಾಕ್ಸಿನಲ್ಲಿ ಕಡಪ ಕಲ್ಲಿನ ಒಂದು ತುಂಡು ಸದಾ ಇರುತ್ತದೆ, ಮಳೆಗಾಲದಲ್ಲಿ ಗದ್ದೆಯ ಬಳಿ ನಿಲ್ಲಿಸುವಾಗ ಅದನ್ನು ಸ್ಟ್ಯಾಂಡಿನ ಕೆಳಗಿಡುತ್ತೇನೆ. ಕಲ್ಲು ಹೊತ್ತು ತಿರುಗುವ ಸಾಹುಕಾರ ಎಂದು ಕಾರಟಗಿಯಲ್ಲಿ ನಗುತ್ತಾರೆ, ನಗಲಿ. ಎಡಗಡೆಯ ಇಂಡಿಕೇಟರ್ ಮಾತ್ರ ಅಂದಿನಿಂದ ಸ್ವಲ್ಪ ನೆಲ ನೋಡುತ್ತದೆ. ಉರಿಯುತ್ತದಲ್ಲ ಎಂದು ಹಾಗೇ ಬಿಟ್ಟಿದ್ದೇನೆ.